ಕೊಡದೊಳಗಿನ ಮೀನು

ಆಷಾಢ ಬಹುಳ ತದಿಗೆ, ಗುರುವಾರ. ಬೆಳಿಗ್ಗೆ ಆರೂವರೆಗೆ ಪತ್ರಿಕೆಗೆ ಇದನ್ನು ಬರೆಯಲು ಕೂತೆ.

ಕವಲುಕಡ್ಡಿ ಹಿಡಿದು ಬಾವಿಗೆ ಜಾಗ ತೋರಿಸುವುದು ನನ್ನ ಕೆಲಸ. ಮನೆ ಹೊಸದುರ್ಗದಲ್ಲಿ. ಮೊದಲ ಬಾವಿ ಹರಿಯಬ್ಬೆಯದು. ಆಗ ನನಗೆ ಇಪ್ಪತ್ತು, ಈಗ ಇಪ್ಪತ್ತಾರು. ನೀರು ಕಂಡ ಬಾವಿಯ ಮೊದಲ ಕೊಡವನ್ನು ಜಾಗ ತೋರಿಸಿದವನ ಮನೆಗೆ ತಂದು ಒಪ್ಪಿಸುವುದು ನಮ್ಮ ಕಡೆಯ ವಾಡಿಕೆ. ಕೊಡ ಬಂದ ದಿನ ಊರು, ತಿಥಿ ಬರೆದು ಪುಸ್ತಕದಲ್ಲಿ ಒಂದು ಗೀಟು ಹಾಕುತ್ತಿದ್ದೆ. ಒಟ್ಟು ನಲವತ್ತೊಂದು ಗೀಟು. ತಪ್ಪಿದ್ದು ಒಂದೂ ಇಲ್ಲವೆಂದು ಹೋದ ತಿಂಗಳವರೆಗೂ ನಂಬಿದ್ದೆ.

ಮೊದಲ ಹದಿನಾಲ್ಕು ಬಾವಿಗಳನ್ನು ತೋಡಿದ್ದು ನಮ್ಮೂರಿನ ಒಬ್ಬ ಅಜ್ಜ. "ಲೇ, ಕಡ್ಡಿ ಬಗ್ಗಿದ್ದು ನೀರಿಗಲ್ಲ ಕಣಲೇ, ನಿನ್ನ ಹಸಿವಿಗೆ. ಬಾ, ಮೊದ್ಲು ರೊಟ್ಟಿ ತಿನ್ನಾಣ" ಎಂದು ಜನರ ಮುಂದೆಯೇ ರೇಗಿಸುತ್ತಿದ್ದ. ಹೆಸರು ಹಬ್ಬಿತು. ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗದಿಂದಲೂ ಗಾಡಿಗಳು ಬಂದವು. ತೋಡುವುದನ್ನು ಆಯಾ ಊರಿನವರೇ ಮಾಡಿಕೊಂಡರು. ಅಜ್ಜ ಜೊತೆಗೆ ಬರುತ್ತಿದ್ದನಾದರೂ "ಬುದ್ಧೀ" ಎನ್ನತೊಡಗಿದ, ದೂರ ಕೂತು ರೊಟ್ಟಿಯ ಗಂಟು ಬಿಚ್ಚತೊಡಗಿದ. ಅಂಗಳದ ತುಂಬ ಜನ. ನಾನು ಹೊರಗೆ ಬಂದರೆ ಮಾತು ನಿಲ್ಲುತ್ತಿತ್ತು. ಊಟವಾಯಿತೇ ಎಂದು ಕೇಳುವವರೂ ಇರಲಿಲ್ಲ. ನನಗೆ ಎದುರಾಡಿದ ಕೊನೆಯ ಮಾತು ಯಾವುದೆಂದು ಪುಸ್ತಕದ ಊರುಗಳನ್ನು ತಿರುವುತ್ತ ನೆನಪಿಸಿಕೊಂಡೆ: ಹದಿನಾಲ್ಕನೆಯ ಬಾವಿ, ಮತ್ತೋಡು, ಅಜ್ಜನದೇ. ಆಮೇಲಿನ ಇಪ್ಪತ್ತೇಳು ಬಾವಿಗಳಲ್ಲಿ ಯಾರೂ 'ಅಲ್ಲ' ಎಂದಿಲ್ಲ.

ಹೋದ ತಿಂಗಳು ಬಿ.ದುರ್ಗದಿಂದ ಕೊಡ ಬಂತು. ಹೊಸ ಬಾವಿಯ ನೀರು ಬಗ್ಗಡವಾಗಿರುತ್ತದೆ, ಇದು ತಿಳಿಯಾಗಿತ್ತು. ಬಗ್ಗಿ ನೋಡಿದರೆ ಒಳಗೊಂದು ಪುಟ್ಟ ಮೀನು ಈಜುತ್ತಿತ್ತು. ಕೆರೆಯ ನೀರು! ತಂದವರು ಕೈಮುಗಿದು ನಿಂತೇ ಇದ್ದರು. ಅಜ್ಜನನ್ನು ಕರೆದು ತೋರಿಸಿದೆ.

"ದೊಡ್ಡೋರ ಕೊಡದಾಗೆ ಮೀನು ಬಂದ್ರೆ ಶುಭ, ಬುದ್ಧೀ," ಎಂದ, ನನ್ನ ಮುಖ ನೋಡದೆ.

ಗೀಟು ಹಾಕಲು ಕೈ ಬರಲಿಲ್ಲ. ಮರುದಿನವೇ ಬಿ.ದುರ್ಗಕ್ಕೆ ಹೋದೆ. ಎಂಟಾಳುದ್ದ ತೋಡಿದ ಗುಂಡಿಗೆ ಆಳುಗಳು ಕಲ್ಲು ತುಂಬುತ್ತಿದ್ದರು. ನೀರಿನ ಪಸೆಯೂ ಇರಲಿಲ್ಲ. ಬಾವಿ ತೋಡಿಸಿದ ಯಜಮಾನರು ಓಡಿಬಂದರು.

"ಬರ್ರಿ, ಕುಂತ್ಕಳ್ರಿ, ಮಜ್ಜಿಗೆ ತರಿಸ್ತೀನಿ. ನಿಮ್ಮ ಹೆಸ್ರು ಕೆಡಬಾರ್ದು ಅಂತ ಹಂಗೆ ಮಾಡಿದ್ವಿ. ಎಲ್ಲಾರೂ ಹಂಗೇ ಮಾಡ್ತಾರಂತಲ್ಲ!"

ಎಲ್ಲಾರೂ! ಮಜ್ಜಿಗೆ ಬರುವ ಮೊದಲೇ ಎದ್ದು ಹೊರಟೆ. ಊರು ಸೇರುವಷ್ಟರಲ್ಲಿ ನಿಶ್ಚಯಿಸಿದ್ದೆ.

"ಅಜ್ಜ, ನಲವತ್ತೊಂದನ್ನೂ ಹೋಗಿ ನೋಡ್ತೀನಿ. ನಾಳೆ ಹರಿಯಬ್ಬೆಯಿಂದ ಶುರು. ತಪ್ಪಿದ್ದನ್ನೆಲ್ಲ ಬರ್ಕಳ್ತೀನಿ."

ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದ. "ಹರಿಯಬ್ಬೆ ಯಾಕಲೇ? ಅದ್ರಾಗೆ ನೀರೈತೆ. ಮತ್ತೋಡಿಗೆ ನಡಿ. ಆ ಜಾಗ ಬ್ಯಾಡ ಅಂತ ಅವತ್ತೇ ಬಡ್ಕಂಡೆ."

"ಒಣಗುಂಡಿ ಅಂತ ಆಮೇಲಾದ್ರೂ ಹೇಳಬಾರದಾಗಿತ್ತೇನು?"

"ಹೇಳಿದ್ರೆ ಕೇಳೋ ಆಸಾಮಿನೇನಲೇ ನೀನು?"

ಮತ್ತೋಡಿನಲ್ಲಿ ನಾನು ಎಲ್ಲರೆದುರು ಅವನನ್ನು ಗದರಿಸಿ ಕೂರಿಸಿದ್ದೆ. ಪುಸ್ತಕದಲ್ಲಿ ಅದು ಇರಲಿಲ್ಲ. ಅಂದು ಅದನ್ನೇ ಮೊದಲು ಬರೆದೆ.

ಇಂದಿಗೆ ಹನ್ನೊಂದು ನೋಡಿದ್ದೇವೆ. ನೀರಿರುವುದು ಏಳು, ಒಣಗುಂಡಿ ನಾಲ್ಕು. ಇಬ್ಬರ ರೊಟ್ಟಿಯೂ ಈಗ ಒಂದೇ ಗಂಟಿನಲ್ಲಿ. ಉಳಿದ ಮೂವತ್ತನ್ನೂ ನೋಡಿಯೇ ಮುಂದಿನ ಜಾಗ ತೋರಿಸುತ್ತೇನೆ.

ನನ್ನ ಮಾತು ನಂಬಿ ತೋಡಿ, ನೀರು ಕಾಣದೆ, ಬೇರೆ ಕಡೆಯ ನೀರಿನ ಕೊಡ ತಂದುಕೊಟ್ಟವರು ಇದನ್ನು ಓದಿದರೆ ಈ ಪತ್ರಿಕೆಗೆ ಒಂದು ಕಾಲಾಣೆ ಕಾರ್ಡು ಹಾಕಿ. ಊರು ಯಾವುದು, ಎಷ್ಟು ಆಳುದ್ದ ತೋಡಿದಿರಿ, ಅಷ್ಟು ಸಾಕು. ಬೈದು ಬರೆದರೆ ಇನ್ನೂ ಒಳ್ಳೆಯದು.