ಯಂಕಪ್ಪ ಕಮಲಾಪುರಕ್ಕೆ ಗಾಡಿ ನೋಡಲು ಹೋದದ್ದು

ಕಲಬುರಗಿಯ ಸುತ್ತಮುತ್ತ ಯಾರಿಗಾದರೂ ಪಿಕಪ್ ಗಾಡಿ ಕೊಳ್ಳುವ ಮನಸ್ಸಾಯಿತೆಂದರೆ ಅವರು ಮೊದಲು ಹೋಗುವುದು ಶೋರೂಮಿಗಲ್ಲ, ಕಪನೂರಕ್ಕೆ. ಅಲ್ಲಿ ಬೇಳೆ ಮಿಲ್ಲುಗಳ ಎದುರಿನ ಬೇವಿನ ಮರದ ಕೆಳಗೆ ತಾಜಸುಲ್ತಾನಪುರದ ಯಂಕಪ್ಪ ತನ್ನ ಬಿಳಿ ಬೊಲೆರೊ ಪಿಕಪ್ ನಿಲ್ಲಿಸಿಕೊಂಡು ಬಾಡಿಗೆಗೆ ಕಾಯುತ್ತಿರುತ್ತಾನೆ. ಗಾಡಿ ಹಳೆಯದು, ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ. ಆದರೆ ಕೀಲಿ ತಿರುವಿದ ಕೂಡಲೇ ಅದು ಚಾಲೂ ಆಗದ ದಿನವನ್ನು ಕಂಡವರಿಲ್ಲ. ಈ ಸಂಗತಿಯನ್ನು ಯಂಕಪ್ಪನ ಬಾಯಿಂದ ಕೇಳದವರೂ ಕಪನೂರದಲ್ಲಿ ಯಾರೂ ಇಲ್ಲ.

"ಕಾಕಾ, ಯಾವ ಪಿಕಪ್ ಛಲೋ ರೀ?" ಎಂದು ಯಾರಾದರೂ ಬಂದು ನಿಂತರೆ ಅವನಿಗೆ ಮೊದಲು ಸಿಟ್ಟೇ ಬರುತ್ತದೆ. ಹಾಗೆಲ್ಲ ಕೇಳುವುದೆಂದರೇನು!

"ಏನ್ ಹೇರ್ತಿ, ಅದನ್ನ ಹೇಳು ಮೊದ್ಲ," ಎನ್ನುತ್ತಾನೆ.

ಸಿಮೆಂಟು, ತೊಗರಿ ಚೀಲ ಹೇರುವವನಾದರೆ ಕಣ್ಣು ಮುಚ್ಚಿ ಬೊಲೆರೊ. ಓಣಿ ಓಣಿ ತಿರುಗುವವನಾದರೆ ಛೋಟಾ ಹಾಥಿ ಎನ್ನುವ ಪುಟ್ಟ ಗಾಡಿ ಸಾಕು, ಎಲ್ಲಿ ಬೇಕಾದರೂ ಹೊಕ್ಕು ಹೊರಬರುತ್ತದೆ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ ಅವನು. ನಿನ್ನ ಊರಿನಲ್ಲಿ ಆ ಗಾಡಿ ಬಿಚ್ಚಿ ಜೋಡಿಸುವ ಮಿಸ್ತ್ರಿ ಇದ್ದಾನೇನು? ಬಿಡಿ ಸಾಮಾನು ಇಲ್ಲೇ ಸಿಗುತ್ತದೋ, ಹೈದರಾಬಾದಿಗೆ ಓಡಬೇಕೋ? ಸೆಕೆಂಡ್ ಹ್ಯಾಂಡ್ ಗಾಡಿಯ ಮಾತು ಬಂದರಂತೂ ಯಂಕಪ್ಪ ಎದ್ದೇ ನಿಲ್ಲುತ್ತಾನೆ. ಅಂಥ ಗಾಡಿಯನ್ನು ನಸುಕಿನಲ್ಲಿ ನೋಡಬೇಕು, ಹೇಳದೆ ಕೇಳದೆ ಹೋಗಿ ನೋಡಬೇಕು, ಕೀಲಿ ಮುಟ್ಟುವ ಮೊದಲು ಬಾನೆಟ್ ಮೇಲೆ ಕೈಯಿಡಬೇಕು. ತಣ್ಣಗಿದ್ದರೆ ಮುಂದಿನ ಮಾತು. ಬೆಚ್ಚಗಿದ್ದರೆ ಮಾರುವವನು ಮೊದಲೇ ಎಂಜಿನ್ ಓಡಿಸಿ, ಅದರ ರೋಗ ಮುಚ್ಚಿಟ್ಟಿದ್ದಾನೆಂದೇ ಅರ್ಥ. ಚಪ್ಪಲಿ ಮೆಟ್ಟಿ ವಾಪಸ್ ಬಂದುಬಿಡಬೇಕು.

ಇದನ್ನು ಅವನು ಕಲಿತದ್ದು ಕೈ ಸುಟ್ಟುಕೊಂಡೇ. ಮದುವೆಯಾದ ವರ್ಷ ಯಾರದೋ ಮಾತು ನಂಬಿ ಬೆಚ್ಚಗಿನ ಗಾಡಿಯೊಂದನ್ನು ತಂದಿದ್ದ. ಮರುದಿನ ಬೆಳಗ್ಗೆ ಅದು ಜಪ್ಪಯ್ಯ ಅಂದರೂ ಚಾಲೂ ಆಗಲಿಲ್ಲ. ಆಮೇಲೆ ಒಂದು ಚಳಿಗಾಲವಿಡೀ ಹೊಸ ಮದುವಣಗಿತ್ತಿ ಭೀಮಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಗಾಡಿ ನೂಕಿದ್ದೇ ನೂಕಿದ್ದು. ಓಣಿಯ ಹೆಂಗಸರು ಕೊಡ ಹೊತ್ತು ನಿಂತು ನಗುತ್ತಿದ್ದರು. ಭೀಮಬಾಯಿಯೂ ನಗುತ್ತಿದ್ದಳು, ಪಾಪ, ಆದರೆ ಯಂಕಪ್ಪನಿಗೆ ಆ ನಗು ಇಂದಿಗೂ ಕರುಳಿಗೆ ಚುಚ್ಚುತ್ತದೆ.

ಇಂಥ ಯಂಕಪ್ಪನ ಮಗಳಿಗೆ ಪಿಕಪ್ ಓಡಿಸುವ ಹುಡುಗನ ಸಂಬಂಧವೇ ಬರಬೇಕೆ!

ಮಗಳು ಪಂಚಶೀಲಾ ಜೇವರ್ಗಿ ಕಾಲೋನಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಹುಡುಗ ಕಮಲಾಪುರದ ಗೌತಮ. ಅಲ್ಲಿಯ ತೋಟಗಳ ಕೆಂಪು ಬಾಳೆಹಣ್ಣನ್ನು ಸ್ವಂತ ಗಾಡಿಯಲ್ಲಿ ಕಲಬುರಗಿಯ ಅಂಗಡಿಗಳಿಗೆ ಮುಟ್ಟಿಸುತ್ತಾನೆ. ತಾಯಿ ರಮಾಬಾಯಿಯನ್ನು ಕರೆದುಕೊಂಡು ಹೆಣ್ಣು ನೋಡಲು ಬಂದ ದಿನ ಚೂಡಾ, ಚಹಾ ಎಲ್ಲ ಆಯಿತು. ಯಂಕಪ್ಪ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಗಾಡಿ ಯಾವ ವರ್ಷದ್ದು, ಎಷ್ಟನೆಯ ಕೈ, ಆಯಿಲ್ ಯಾವಾಗ ಬದಲಾಯಿಸಿದಿ ಎಂದು ಸಂಜೆಯ ತನಕ ಕೇಳಿದ. ಹುಡುಗ ತಲೆತಗ್ಗಿಸಿ ಒಂದೊಂದಕ್ಕೂ ಉತ್ತರ ಕೊಟ್ಟ. ಗಾಡಿಯ ಕಂಪನಿ ಕೇಳಿದಾಗ ಮಾತ್ರ ಯಂಕಪ್ಪನ ಮುಖ ಸಣ್ಣದಾಯಿತು. ಯಾವ ಕಂಪನಿ ಎನ್ನುವುದು ಇಲ್ಲಿ ಬೇಡ. ಒಬ್ಬೊಬ್ಬರಿಗೆ ಒಂದೊಂದು ಸೇರುತ್ತದೆ, ಯಂಕಪ್ಪನಿಗೆ ಅದು ಸೇರುತ್ತಿರಲಿಲ್ಲ, ಅಷ್ಟೆ.

"ವಿಚಾರ ಮಾಡಿ ಹೇಳ್ತೀನ್ರಿ," ಎಂದು ಕಳಿಸಿದವನು ವಿಚಾರ ಮಾಡುತ್ತಲೇ ಉಳಿದ. ಹುಡುಗ ಕುಡಿಯುವುದಿಲ್ಲ, ಜಗಳಗಂಟನಲ್ಲ ಎಂದು ಎಲ್ಲರೂ ಹೇಳಿದರು. ಅದೆಲ್ಲ ಸರಿ. ಆದರೆ ನಾಳೆ ಆ ಮನೆ ನಡೆಯುವುದು ಆ ಗಾಡಿಯ ಮೇಲಲ್ಲವೇ? ಅದು ನಡುದಾರಿಯಲ್ಲಿ ನಿಂತರೆ ಹಣ್ಣು ಕೊಳೆಯುತ್ತದೆ, ಗಿರಾಕಿ ಕೈಬಿಡುತ್ತಾನೆ, ಕಣ್ಣೀರು ಹಾಕುವವಳು ತನ್ನ ಮಗಳು. ಕೊನೆಗೊಂದು ಸಂಜೆ, ಪಂಚಶೀಲಾ ರೊಟ್ಟಿ ಬಡಿಯುತ್ತಿದ್ದಾಗ, ಒಲೆಯ ಮುಂದೆ ಕೂತು ಹೇಳಿಯೇಬಿಟ್ಟ.

"ನಾಳಿ ನಸುಕಿನ್ಯಾಗ ಕಮಲಾಪುರಕ್ಕ ಹೋಗಿ ಗಾಡಿ ನೋಡ್ತೀನಿ. ತಣ್ಣಗಿದ್ದಾಗ ಒಂದ ಸಲಕ್ಕ ಚಾಲೂ ಆತು, ಸಂಬಂಧ ಪಕ್ಕಾ. ಇಲ್ಲಂದ್ರ ಇಲ್ಲ. ಯಾರಿಗೂ ಸುಳಿವು ಕೊಡಬ್ಯಾಡ್ರಿ ಮತ್ತ!"

"ಹುಡುಗನ್ನ ನೋಡೂದು ಬಿಟ್ಟು ಗಾಡಿ ನೋಡ್ತಾರಂತ, ಗಾಡಿ!" ಎಂದು ಭೀಮಬಾಯಿ ಗೊಣಗಿದಳು. ಪಂಚಶೀಲಾ ರೊಟ್ಟಿ ತಿರುವಿ ಹಾಕಿದಳು.

ತನ್ನ ಗಾಡಿಯಲ್ಲಿ ಹೋದರೆ ಸದ್ದಿಗೇ ಗುರುತು ಹಿಡಿದಾರೆಂದು ಯಂಕಪ್ಪ ಮೊದಲ ಬಸ್ಸು ಹಿಡಿದ. ಕಿವಿಗೆ ಮಫ್ಲರ್, ಮೈಗೆ ಶಾಲು. ಕಮಲಾಪುರದಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ದಾರಿಯಲ್ಲಿ ನಿಂತ ಗಾಡಿಗಳ ಗಾಜಿನ ಮೇಲೆಲ್ಲ ಇಬ್ಬನಿ ಕೂತಿತ್ತು. ಇಂಥ ಚಳಿಯಲ್ಲೇ ಎಂಜಿನ್ನಿನ ಖರೆ ಬಣ್ಣ ಗೊತ್ತಾಗುವುದು ಎಂದು ಖುಷಿಯಿಂದ ಕೈ ಉಜ್ಜಿಕೊಳ್ಳುತ್ತ ಹೆಜ್ಜೆ ಹಾಕಿದ. ರಮಾಬಾಯಿಯ ಮನೆ ಸಿಕ್ಕಿತು. ಅಂಗಳದಲ್ಲಿ ಪಿಕಪ್ ನಿಂತಿತ್ತು. ಹಿಂದೆ ಒಣ ಬಾಳೆಲೆ ಹಾಸಿ ಕೆಂಪು ಗೊನೆಗಳನ್ನು ಮಕ್ಕಳನ್ನು ಮಲಗಿಸಿದ ಹಾಗೆ ಒತ್ತೊತ್ತಾಗಿ ಇಟ್ಟಿದ್ದರು. ಯಂಕಪ್ಪ ಅತ್ತ ಇತ್ತ ನೋಡಿ, ಮೆಲ್ಲಗೆ ಬಾನೆಟ್ ಮೇಲೆ ಅಂಗೈ ಇಟ್ಟ.

ಬಾನೆಟ್ ಬೆಚ್ಚಗಿತ್ತು.

ಅವನು ಕೈ ತೆಗೆದು ಮತ್ತೊಮ್ಮೆ ಇಟ್ಟ. ಬೆಚ್ಚಗೇ ಇತ್ತು. ಅಷ್ಟು ದೂರ ಬಂದ ಖುಷಿಯೆಲ್ಲ ಜರ್ರನೆ ಇಳಿದುಹೋಯಿತು. ಯಾರಿಗೆ ಮೋಸ ಮಾಡಲು ಹೊರಟಿದ್ದಾರೆ ಇವರು! ತನಗೇ? ಅಷ್ಟರಲ್ಲಿ ಗೌತಮ ಹೊರಗೆ ಬಂದು, "ಜೈಭೀಮ್ ರೀ ಕಾಕಾ," ಎಂದು ಕೈ ಮುಗಿದ. ಇಷ್ಟು ಹೊತ್ತಿಗೆ ಬಂದದ್ದಕ್ಕೆ ಅವನ ಮುಖದಲ್ಲಿ ಎಳ್ಳಷ್ಟೂ ಆಶ್ಚರ್ಯವಿರಲಿಲ್ಲ. ಯಂಕಪ್ಪನಿಗೆ ಮತ್ತಷ್ಟು ಉರಿಯಿತು.

"ಜೈಭೀಮ್. ಹಿಂಗ ಹೊಂಟಿದ್ದೆ, ಬಂದೆ. ಬರ್ತೀನಿ," ಎಂದು ತಿರುಗಿಯೇಬಿಟ್ಟ.

ರಮಾಬಾಯಿ ಬಿಡಬೇಕಲ್ಲ! "ಚಳಿಯಾಗ ಬಂದೀರಿ, ಹಂಗ ಹ್ಯಾಂಗ ಹೋಗ್ತೀರ್ರಿ ಅಣ್ಣಾರ?" ಎಂದು ಕೈಯಲ್ಲಿ ಚಹಾ ಇಟ್ಟೇಬಿಟ್ಟಳು. ಯಂಕಪ್ಪ ನಿಂತೇ ಕುಡಿದ. ಬಸ್ಸಿಗೆ ಇನ್ನೂ ಹೊತ್ತಿದೆ, ತಾನೂ ಕಲಬುರಗಿಗೇ ಹೊರಟಿದ್ದೇನೆ ಎಂದು ಗೌತಮ ಬಾಗಿಲು ತೆಗೆದು ನಿಂತ. ಬೇರೆ ದಾರಿ ಇರಲಿಲ್ಲ. ಮಾತಾಡಬಾರದೆಂದು ತೀರ್ಮಾನಿಸಿಯೇ ಯಂಕಪ್ಪ ಹತ್ತಿ ಕೂತ. ಕಪನೂರದಲ್ಲಿ ಇಳಿದು, ಸಂಬಂಧ ಬೇಡವೆಂದು ಹೇಳಿ, ಕೈ ತೊಳೆದುಕೊಳ್ಳುವುದು. ಅಲ್ಲಿಗೆ ಮುಗಿಯಿತು.

ಆದರೆ ಡ್ರೈವರನ ಕಣ್ಣು ಸುಮ್ಮನಿರುತ್ತದೆಯೇ? ಹುಡುಗ ಉಬ್ಬು ಬಂದಲ್ಲೆಲ್ಲ ಮೊದಲೇ ಗೇರ್ ಇಳಿಸುತ್ತಿದ್ದ, ಹಿಂದಿನ ಹಣ್ಣಿಗೆ ಏಟು ಬೀಳದ ಹಾಗೆ ಹತ್ತಿಸಿ ಇಳಿಸುತ್ತಿದ್ದ. ಲಾರಿಯೊಂದು ಭೋಂಗಾ ಬಾರಿಸುತ್ತ ಮೈಮೇಲೆ ಬಂದರೂ ಹಟಕ್ಕೆ ಬೀಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಂಕಪ್ಪ ಸಿಟ್ಟಿನಿಂದ ಕಿಟಕಿಯ ಹೊರಗೆ ನೋಡಿದ. ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು.

"ಕಾಕಾ," ಎಂದ ಗೌತಮ. "ಒಂದು ಮಾತು ಹೇಳ್ಲೇನ್ರಿ? ನೀವು ಬಾನೆಟ್ ಮ್ಯಾಲ ಕೈ ಇಟ್ಟಿದ್ದು ನಾ ನೋಡಿದೆ. ನೀವು ಬರೂಕಿಂತ ಮೊದ್ಲ ನಾನೇ ಚಾಲೂ ಮಾಡಿ ಇಟ್ಟಿದ್ದೆ. ಚಳಿಯಾಗ ಇದು ಒಂದ ಸಲಕ್ಕ ಹಿಡ್ಯಾಂಗಿಲ್ರಿ. ಮೂರ್ನಾಕು ಸಲ ಹೊಡೀಬೇಕು. ತಪ್ಪಾತು. ಮುಚ್ಚಿಡಬಾರದಿತ್ತು."

ಯಂಕಪ್ಪ ತಿರುಗಿ ನೋಡಿದ. ಎಷ್ಟೋ ಜನ ಗಾಡಿ ಮಾರುವುದನ್ನು ಕಂಡಿದ್ದಾನೆ, ಹೀಗೆ ತಾನಾಗಿ ಬಾಯಿಬಿಟ್ಟವನನ್ನು ಕಂಡಿರಲಿಲ್ಲ.

"ನಾ ಬರೂದು ಯಾರು ಹೇಳಿದ್ರು ನಿನಗ?"

"ಅದೊಂದು ಕೇಳಬ್ಯಾಡ್ರಿ."

"ಕೇಳಿದ್ರ?"

"ಕೇಳಿದ್ರೂ ಹೇಳಾಂಗಿಲ್ರಿ, ಕಾಕಾ." ಹುಡುಗನ ಕಿವಿಗಳು ಕೆಂಪೇರಿದ್ದವು.

ಯಂಕಪ್ಪನ ಅನುಮಾನ ನೇರವಾಗಿ ಭೀಮಬಾಯಿಯ ಮೇಲೆ ಹೋಯಿತು. ತಣ್ಣಗಿನ ಎಂಜಿನ್ನಿನ ಕಷ್ಟ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲೇ ಫೋನ್ ಹಚ್ಚಿದ.

"ಅಲ್ಲ, ನಾ ಬರೂದು ಇವರಿಗೆ ನೀನ ಹೇಳಿದ್ಯೇನು?"

"ನನಗ್ಯಾಕ ಬೇಕ್ರಿ ಆ ಉಸಾಬರಿ?" ಭೀಮಬಾಯಿಯ ದನಿ ಗಾಡಿ ತುಂಬ ಕೇಳಿಸಿತು. "ನನ್ನ ಫೋನಿನ್ಯಾಗ ರಿಚಾರ್ಜ ಮುಗದು ವಾರ ಆತು. ಮನ್ಯಾಗ ನಾ ಒಬ್ಬಾಕೀನೇ ಏನು ಇರೂದು?" ಎಂದು ನಕ್ಕು ಫೋನ್ ಇಟ್ಟುಬಿಟ್ಟಳು.

ಯಂಕಪ್ಪ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಮನೆಯಲ್ಲಿ ಮತ್ತೊಬ್ಬಳಿದ್ದಾಳೆ. ಚಿಕ್ಕವಳಿದ್ದಾಗ ಗಾಡಿ ನೋಡಲು ಹೋದಲ್ಲೆಲ್ಲ ಅವನ ಬೆರಳು ಹಿಡಿದು ಬರುತ್ತಿದ್ದಳು. ಎತ್ತಿಕೊಂಡು ಅವಳ ಪುಟ್ಟ ಕೈಯನ್ನು ಬಾನೆಟ್ ಮೇಲಿಟ್ಟು, ಬಿಸಿಯೋ ತಣ್ಣಗೋ ಹೇಳು ಎಂದು ಆಟವಾಡಿಸಿದ್ದು ಅವನೇ. ಅಪ್ಪ ಎಲ್ಲಿ ಕೈಯಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ಅಪ್ಪನಿಂದ ಕಲಿತ ವಿದ್ಯೆಯನ್ನು ಅಪ್ಪನ ಮೇಲೆಯೇ ತಿರುಗಿಸಿದ್ದಳು. ಗಾಡಿ ಪಾಸಾಗಲೇಬೇಕೆಂದು ಅವಳಿಗೆ ಅಷ್ಟು ಅವಸರ. ಅಂದರೆ...

ಅಂದರೆ ಏನೆಂದು ಹೊಳೆದಾಗ ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಇಷ್ಟು ದಿನ ಒಂದೇ ಸೂರಿನ ಕೆಳಗೆ ಇದ್ದೂ ತನಗೆ ಗೊತ್ತಾಗಲಿಲ್ಲವಲ್ಲ! ಕಪನೂರ ಬಂತು. ಬೇವಿನ ಮರದ ಕೆಳಗಿದ್ದ ಮಿಸ್ತ್ರಿ ಶಬ್ಬೀರ್ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕಂಡು, "ಅರೇ ಯಂಕಪ್ಪ ಭಾಯ್! ಗಾಡಿ ಪಸಂದ್ ಬಂತೋ, ಅಳಿಯ ಪಸಂದ್ ಬಂದ್ನೋ?" ಎಂದು ಕೂಗಿದ. ಯಂಕಪ್ಪ ಇಳಿಯಲಿಲ್ಲ.

"ಸೀದಾ ಜೇವರ್ಗಿ ಕಾಲೋನಿಗೆ ಹೊಡಿ, ತಮ್ಮ," ಎಂದ.

ದಾರಿಯನ್ನು ಗೌತಮ ಕೇಳಲಿಲ್ಲ. ಕ್ಲಿನಿಕ್ಕಿನ ತಿರುವೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಂಕಪ್ಪ ಅದನ್ನೂ ಗಮನಿಸಿ ಮೀಸೆಯಲ್ಲೇ ನಕ್ಕ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಗಾಡಿ ನಿಂತ ಸದ್ದಿಗೆ ಪಂಚಶೀಲಾ ಬಾಗಿಲಿಗೆ ಬಂದಳು. ಗೌತಮನ ಪಕ್ಕದಲ್ಲಿ ಅಪ್ಪನನ್ನು ಕಂಡವಳೇ ಅಲ್ಲೇ ನಿಂತಳು. ಅವಳ ಮುಖ ಬಿಳಿಚಿತು.

ಯಂಕಪ್ಪ ಇಳಿದು ಮೆಟ್ಟಿಲ ತನಕ ಹೋದ. ದಾರಿಯುದ್ದಕ್ಕೂ ಗದರಿಸಬೇಕೆಂದು ಜೋಡಿಸಿಟ್ಟುಕೊಂಡ ಮಾತುಗಳು ಆ ಮುಖ ನೋಡುತ್ತಲೇ ಚದುರಿದವು.

"ಬಾನೆಟ್ ಬಿಸಿ ಇತ್ತು," ಎಂದ.

ಅವಳು ಕಣ್ಣು ಕೆಳಗೆ ಹಾಕಿದಳು.

"ನನಗೊಂದು ಮಾತು ಹೇಳಬಾರದಿತ್ತೇನವ್ವಾ? ನಾ ಏನು ನಿನಗ ಅಷ್ಟು ಪರಕೀಯ ಆದ್ನೇನು?"

"ಯಪ್ಪಾ," ಎಂದಳು ಪಂಚಶೀಲಾ. "ಅವರು ಬಂದು ಹೋದಾಗಿನಿಂದ ದಿನಾ ಊಟಕ್ಕ ಕೂತು ಗಾಡಿ ಬಗ್ಗೆನೇ ಮಾತಾಡ್ದಿ. ಯಾವ ವರ್ಷದ್ದು, ಟೈರ್ ಹ್ಯಾಂಗವ, ಸಾಮಾನು ಎಲ್ಲಿ ಸಿಗ್ತಾವ, ಎಲ್ಲಾ ಕೇಳ್ದಿ. ಕಪನೂರಾಗ ಎಲ್ಲಾರ್ನೂ ಕೇಳ್ದಿ. ಹುಡುಗ ನಿನಗ ಮನಸಿಗೆ ಬಂದಾನೇನು ಅಂತ ನನ್ನ ಒಮ್ಮೆರ ಕೇಳ್ದೇನು?"

ಬೆಂಚಿನ ಮೇಲಿನವರೆಲ್ಲ ತಿರುಗಿ ನೋಡುತ್ತಿದ್ದರು. ಯಂಕಪ್ಪ ಕೇಳಿದ್ದೇನೆ ಎನ್ನಲು ಹೊರಟು, ನೆನಪಿನಲ್ಲಿ ಹುಡುಕಿದ. ಇಲ್ಲ, ಕೇಳಿರಲಿಲ್ಲ. ನಾಚಿಕೆಯಾಯಿತು. ಇಷ್ಟೆತ್ತರ ಬೆಳೆದು ನಿಂತ ಮಗಳ ಮೇಲೆ ಹಿಂದೆಂದೂ ಬಂದಿರದಷ್ಟು ಅಕ್ಕರೆಯೂ ಬಂತು.

ಅವನು ಮಫ್ಲರ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಒಂದು ಮೆಟ್ಟಿಲು ಹತ್ತಿ ಅವಳ ಸಮಕ್ಕೆ ನಿಂತ.

"ಖರೆ ಅದ, ತಪ್ಪು ನಂದೇ," ಎಂದ. "ಈಗ ಕೇಳ್ತೀನಿ, ಹೇಳವ್ವಾ. ಬಂದಾನೇನು?"

ಪಂಚಶೀಲಾ ಒಮ್ಮೆ ಗಾಡಿಯ ಕಡೆ ನೋಡಿದಳು. ಗೌತಮ ಸ್ಟಿಯರಿಂಗ್ ಹಿಡಿದುಕೊಂಡು ಅವಳತ್ತಲೇ ನೋಡುತ್ತ ಕೂತಿದ್ದ.

"ಬಂದಾನ," ಎಂದಳು, ಬೆಂಚಿನ ಕೊನೆಯಲ್ಲಿ ಕೂತ ಮುದುಕಿಗೂ ಕೇಳಿಸುವಷ್ಟು ಸ್ಪಷ್ಟವಾಗಿ.