ಎಲೆ ಕಿತ್ತ ಸೇಬಿನ ಗಿಡ

ಮೊದಲ ಲಾಕ್‌ಡೌನಿನ ಎರಡನೆಯ ತಿಂಗಳಲ್ಲಿ ನಾನು ಫೋನಿನಲ್ಲಿ ನೋಡಿ ಒಂದು ಸೇಬಿನ ಗಿಡ ತರಿಸಿದೆ. ಮಲೇಷ್ಯಾದ ನಿಲಾಯ್‌ನಲ್ಲಿ ನಮ್ಮದು ಸಾಲುಮನೆಗಳಲ್ಲಿ ಕೊನೆಯ ಮನೆ. ಹಾಗಾಗಿ ಪಕ್ಕದಲ್ಲಿ ಒಂದು ಪಟ್ಟಿ ಮಣ್ಣು ನಮಗೆ ಸಿಕ್ಕಿತ್ತು. ಅದರಲ್ಲಿ ಕರಿಬೇವು, ಒಂದು ಪಪ್ಪಾಯಿ ಮರ ಬಿಟ್ಟರೆ ಬರೀ ಹುಲ್ಲು. ನಾನು ಹತ್ತಿರದ ಖಾಸಗಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಆ ಪಾಠವೆಲ್ಲ ಈಗ ಊಟದ ಮೇಜಿಗೆ ಬಂದಿತ್ತು. ಗಂಡನಿಗೆ ಕ್ಲಾಂಗ್ ಬಂದರಿನಲ್ಲಿ ಕೆಲಸ. ಊರು ನಿಂತರೂ ಹಡಗು ನಿಲ್ಲುವುದಿಲ್ಲವಲ್ಲ. ಅವರು ಕಂಪನಿಯ ಪತ್ರ ಹಿಡಿದು, ಪೊಲೀಸರು ತಡೆದ ಕಡೆಯೆಲ್ಲ ತೋರಿಸುತ್ತ ದಿನವೂ ಹೋಗಿಬರುತ್ತಿದ್ದರು. ಹನ್ನೊಂದು ವರ್ಷದ ಮಗಳು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಶಾಲೆ ಕಲಿಯುತ್ತಿದ್ದಳು. ಊಟಕ್ಕೆ ಕರೆದರೆ ಒಳಗಿನಿಂದಲೇ, "ಟೆನ್ ಮಿನಿಟ್ಸ್ ಲಾ, ಅಮ್ಮಾ."

ಗಿಡ ಕ್ಯಾಮರಾನ್ ಬೆಟ್ಟದ ಕಡೆಯ ನರ್ಸರಿಯಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ನನ್ನ ಭುಜದೆತ್ತರ, ಕೊರಳಿಗೊಂದು ಚೀಟಿ. ಚಳಿಗಾಲದ ಸೇಬು, ತಡವಾಗಿ ಹಣ್ಣಾಗುತ್ತದೆ, ಬಹಳ ದಿನ ಇಡಬಹುದು ಎಂದು ಅದರಲ್ಲಿ ಬರೆದಿತ್ತು. ಅದನ್ನು ನೆಟ್ಟು ಭಾನುವಾರ ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮೈಸೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದಳು. ಕಲಿಸುವುದಕ್ಕೆ ಯಾರೂ ಸಿಗದೆ ಚಡಪಡಿಸುತ್ತಿದ್ದಳು.

"ನಿನ್ನ ಮುಖ ನೋಡಿ ನಾನೇನ್ಮಾಡ್ಲಿ, ಫೋನ್ ಗಿಡದ ಕಡೆ ತಿರುಗಿಸು," ಎಂದಳು. ನೋಡಿದಳು. "ಲೇ, ಇದು ಚಳಿಗಾಲದ ಸೇಬು ಕಣೇ. ನಿಮ್ಮೂರಲ್ಲಿ ಚಳಿಗಾಲ ಎಲ್ಲಿಂದ ತರ್ತೀಯ?"

"ಒಳಗೆ ಎ.ಸಿ. ಇದೆ."

"ಹಾಗಾದ್ರೆ ಗಿಡಾನ ಮಂಚದ ಮೇಲೆ ಮಲಗಿಸ್ಕೋ." ನಕ್ಕು, ಆಮೇಲೆ ಮೇಷ್ಟರ ದನಿಗೆ ಬಂದಳು. "ನೋಡು, ಸೇಬಿಗೆ ವರ್ಷಕ್ಕೊಂದ್ಸಲ ನಿದ್ದೆ ಬೇಕು. ಚಳಿ ಬಿದ್ರೆ ಎಲೆ ಉದುರಿಸ್ಕೊಂಡು ಮಲಗತ್ತೆ, ಎದ್ದಾಗ ಹೂ ಬಿಡತ್ತೆ. ನಿಮ್ಮಲ್ಲಿ ಅದು ಮಲಗೋದೇ ಇಲ್ಲ. ಸುಮ್ನೆ ಎಲೆ ಬಿಡ್ತಾ ಇರತ್ತೆ. ಅದಕ್ಕೆ ನಾವೇ ಎಲೆ ಕೀಳ್ಬೇಕು. ಒಂದೂ ಬಿಡದ ಹಾಗೆ. ಚಳಿಗಾಲ ಬಂತು ಅಂತ ಅದಕ್ಕೆ ನಂಬಿಸ್ಬೇಕು."

"ಈಗ್ಲೇ ಕೀಳ್ಲಾ?"

"ಈಗ ಕಿತ್ರೆ ಸತ್ತೋಗತ್ತೆ. ಬೇರು ಊರಲಿ. ಬರೋ ವರ್ಷ."

ಆ ವರ್ಷವಿಡೀ ಪ್ರತಿ ಭಾನುವಾರ ಅವಳೇ ಕರೆ ಮಾಡುತ್ತಿದ್ದಳು. ಕೊಂಬೆಗಳನ್ನು ನೇರ ಬೆಳೆಯಲು ಬಿಡಬೇಡ, ದಾರ ಕಟ್ಟಿ ಮಲಗಿಸು, ಮಲಗಿದ ಕೊಂಬೆಯಲ್ಲೇ ಹೂವಾಗುವುದು ಎಂದು ಹೇಳಿಕೊಟ್ಟಳು. ನಾನು ಇಟ್ಟಿಗೆಗೆ ದಾರ ಕಟ್ಟಿ ಎಳೆದೆ. ಭಾವ ಹಿನ್ನೆಲೆಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು, ಮಾತು ಕಡಿಮೆ. "ಚೆನ್ನಾಗಿದೀಯೇನಮ್ಮ?" ಎಂದು ಕೇಳಿ, ಉತ್ತರ ಬರುವ ಮೊದಲೇ ಪೇಪರಿಗೆ ಮರಳುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಅಕ್ಕ ಕಾಂಡ ನೋಡಿ, ಸಾಕು, ಜೂನ್ ಮೊದಲ ವಾರ ಎಲೆ ಕೀಳೋಣ ಎಂದಳು. ಕೀಳೋಣ ಎಂದೇ ಅಂದಳು, ತಾನೂ ಬಂದು ನಿಲ್ಲುವವಳಂತೆ.

ಮೇ ತಿಂಗಳಲ್ಲಿ ಇಬ್ಬರಿಗೂ ಜ್ವರ ಬಂತು. ಭಾವನದು ಮನೆಯಲ್ಲೇ ಇಳಿಯಿತು. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಜ್ವರ ಬಂದ ಒಂಬತ್ತನೆಯ ದಿನ, ಮಂಗಳವಾರ ಬೆಳಿಗ್ಗೆ, ನಾನು ಪಾಠ ಮಾಡುತ್ತಿದ್ದಾಗ ಮೇಜಿನ ಮೇಲೆ ಫೋನ್ ಮಿಣುಕಿತು. ಭಾವನ ಸಂದೇಶ, ಒಂದೇ ಪದ. "ಹೋದಳು."

ನಾನು ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಕಂಡುಹಿಡಿಯುವುದನ್ನು ವಿವರಿಸುತ್ತಿದ್ದೆ. ಪರದೆಯ ಮೇಲೆ ಮೂವತ್ತಕ್ಕೂ ಹೆಚ್ಚು ಕಪ್ಪು ಚೌಕಗಳು. ಫೋನನ್ನು ಬೋರಲು ಹಾಕಿ ಲೆಕ್ಕ ಮುಂದುವರಿಸಿದೆ. ಇನ್ನೂ ನಲವತ್ತು ನಿಮಿಷ ಬಾಕಿಯಿತ್ತು, ನಲವತ್ತು ನಿಮಿಷವೂ ಪಾಠ ಮಾಡಿದೆ. ಒಬ್ಬ ಹುಡುಗಿ ಪ್ರಶ್ನೆ ಕೇಳಿದಳು, ಉತ್ತರ ಹೇಳಿದೆ. ಮುಗಿದ ಮೇಲೆ ಎದ್ದು ಅಕ್ಕಿ ತೊಳೆದೆ. ಸಂಜೆ ಗಂಡ ಬಂದಾಗ ಬಾಗಿಲಲ್ಲೇ ಹೇಳಿದೆ. ಅವರು ಬೂಟು ಬಿಚ್ಚದೆ ಹಾಗೇ ಸೋಫಾದ ಮೇಲೆ ಕೂತುಬಿಟ್ಟರು. "ಬೂಟು," ಎಂದೆ ನಾನು. ಅವರು ಎದ್ದು ಹೋಗಿ ಬಿಚ್ಚಿ ಬಂದರು.

ವಿಮಾನವಿರಲಿಲ್ಲ. ಇದ್ದಿದ್ದರೂ ಹೋಗಿ ಮಾಡುವುದೇನಿತ್ತು? ಭಾವನಿಗೇ ಅವಳ ಮುಖ ನೋಡಲು ಸಿಗಲಿಲ್ಲ. ಅವರು ಮನೆಯೊಳಗೆ ಬಂದಿಯಾಗಿದ್ದರು. ಯಾರೋ ಸ್ವಯಂಸೇವಕರು ಎಲ್ಲ ಮುಗಿಸಿ ಒಂದು ನಿಮಿಷದ ವಿಡಿಯೋ ಕಳಿಸಿದರು. ಅದು ನನಗೂ ಬಂತು. ಈವರೆಗೂ ತೆರೆದಿಲ್ಲ.

ನಾನು ಅಳಲಿಲ್ಲ. ಅಳು ತಡೆದುಕೊಂಡೆ ಎಂದಲ್ಲ, ತಡೆಯುವುದಕ್ಕೆ ಏನೂ ಬರಲೇ ಇಲ್ಲ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದೆ. ನಿದ್ದೆ ಬರುತ್ತಿತ್ತು, ಮಲಗುತ್ತಿದ್ದೆ. ಉತ್ತರಪತ್ರಿಕೆ ತಿದ್ದಿದೆ, ಮಗಳ ಕೂದಲು ಕತ್ತರಿಸಿದೆ. ಗೆಳತಿಯರು ಕರೆ ಮಾಡಿ ಅಳುತ್ತಿದ್ದರು, ನಾನೇ ಅವರಿಗೆ ಸಮಾಧಾನ ಹೇಳುತ್ತಿದ್ದೆ. ಭಾನುವಾರ ಮಧ್ಯಾಹ್ನ ಮಾತ್ರ ಫೋನನ್ನು ಮಹಡಿಯ ಮೇಲೆ ಇಟ್ಟು ಕೆಳಗೆ ಕೂರುತ್ತಿದ್ದೆ.

ಮೂರನೆಯ ಭಾನುವಾರ ಮಗಳು ಫೋನ್ ಹಿಡಿದು ಇಳಿದು ಬಂದಳು. "ದೊಡ್ಡಪ್ಪ ಈಸ್ ಕಾಲಿಂಗ್."

ಭಾವ ತಾವಾಗಿ ನನಗೆ ಕರೆ ಮಾಡಿದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು ಕೇಳಿದರು:

"ಏನಮ್ಮ, ಗಿಡದ ಎಲೆ ಕಿತ್ತೆಯಾ?"

"ಇಲ್ಲ ಭಾವ."

"ಇಲ್ಲಿ ನೋಟ್‌ಬುಕ್ಕಲ್ಲಿ ಜೂನ್ ಮೊದಲ್ನೇ ವಾರ ಅಂತ ಬರ್ದಿದೆ. ಆಗ್ಲೇ ಲೇಟಾಯ್ತು."

"ಯಾವ ನೋಟ್‌ಬುಕ್ಕು?"

"ನಿನ್ನ ಗಿಡದ್ದೇ. ನಾಲ್ಕು ಪುಟ ಇದೆ. ಓದ್ತೀನಿ, ಬರ್ಕೋ."

ಓದಿದರು. ರೈಲಿನ ವೇಳೆ ಸಾರುವ ಹಾಗೆ, ಒಂದೊಂದೇ ಸಾಲು, ನಡುವೆ ನಿಲ್ಲಿಸಿ. ಎಲೆ ಕೀಳುವ ಮೊದಲು ಎರಡು ವಾರ ನೀರು ಕಡಿಮೆ ಮಾಡುವುದು. ಕತ್ತರಿ ಬೇಡ, ಕೈಯಲ್ಲೇ ಕೀಳುವುದು. ತೊಟ್ಟಿನ ಬುಡದ ಮೊಗ್ಗಿಗೆ ಪೆಟ್ಟಾಗಬಾರದು. ಅವಸರ ಮಾಡುತ್ತಾಳೆ, ಎರಡು ಸಲ ಹೇಳಬೇಕು. ಕೊನೆಯ ಸಾಲನ್ನೂ ಅವರು ಹಾಗೇ ಓದಿಬಿಟ್ಟರು. "ಸರಿ, ಇಡ್ತೀನಿ," ಎಂದರು.

ಜೂನ್ ಕೊನೆಯ ಭಾನುವಾರ ಬೆಳಿಗ್ಗೆ ಎಲೆ ಕಿತ್ತೆ. ಪುಟ್ಟ ಗಿಡ, ಆದರೂ ಎರಡು ಗಂಟೆ ಹಿಡಿಯಿತು. ಎಲೆಯನ್ನು ಕೆಳಕ್ಕೆ ಎಳೆದರೆ ತೊಗಟೆ ಸುಲಿದು ಬರುತ್ತದೆ. ಮೇಲಕ್ಕೆತ್ತಿ ಸ್ವಲ್ಪ ತಿರುವಿದರೆ ಟಿಕ್ ಎಂದು ಬಿಡುತ್ತದೆ. ಬೆರಳೆಲ್ಲ ಹಸಿರು ಜಿಗುಟು. ಚಿಗುರೆಲೆಗಳನ್ನೂ ಬಿಡಲಿಲ್ಲ. ಏನಾದರೂ ಅನ್ನಿಸಬಹುದು ಎಂದುಕೊಂಡಿದ್ದೆ, ಏನೂ ಅನ್ನಿಸಲಿಲ್ಲ. ಬಕೆಟ್ಟು ತುಂಬಿದಾಗ ಒಮ್ಮೆ ಅದುಮಿ ಜಾಗ ಮಾಡಿಕೊಂಡೆ.

ಪಕ್ಕದ ಮನೆಯ ತಮಿಳು ಆಂಟಿ ಬಟ್ಟೆ ಹರವಲು ಬಂದವರು ಬೇಲಿ ಹಿಡಿದು ನಿಂತರು. "ಎನ್ನಮ್ಮಾ ಇದು, ಮರತ್ತುಕ್ಕು ಮೊಟ್ಟೆ ಅಡಿಚ್ಚಿಟ್ಟಿಯಾ?" ಗಿಡಕ್ಕೇ ತಲೆ ಬೋಳಿಸಿಬಿಟ್ಟೆಯಾ ಎಂದು.

"ಆಮಾ ಆಂಟಿ. ಹೂ ಬಿಡಲಿ ಅಂತ."

ಅವರು ನನ್ನನ್ನೂ ಕಡ್ಡಿಯಂಥ ಗಿಡವನ್ನೂ ಒಮ್ಮೆ ನೋಡಿ ಒಳಗೆ ಹೋದರು. ಹತ್ತು ನಿಮಿಷಕ್ಕೆ ಬೇಲಿಯ ಮೇಲಿಂದ ಒಂದು ಡಬ್ಬಿ ಇಡ್ಲಿ ಬಂತು.

ಇಪ್ಪತ್ತು ದಿನಕ್ಕೆ ಮೊಗ್ಗು ಉಬ್ಬಿದವು. ಮೊದಲು ಬೂದು ಬಣ್ಣದ ನುಣುಪು ಕೂದಲು, ಆಮೇಲೆ ಗುಲಾಬಿ ತುದಿ. ಒಂದು ಬೆಳಿಗ್ಗೆ ಬಿಳಿಯ ಹೂಗಳು ಅರಳಿದ್ದವು. ಇಲ್ಲಿನ ದುಂಬಿಗಳಿಗೆ ಅದರ ಪರಿಚಯವಿಲ್ಲದೆ ಇರಬಹುದು ಎಂದು ಮಗಳ ಚಿತ್ರದ ಕುಂಚದಿಂದ ಪರಾಗ ಸವರಿದೆ. ಅದೂ ನಾಲ್ಕು ಪುಟದಲ್ಲಿತ್ತು.

ಭಾನುವಾರದ ಕರೆ ಮತ್ತೆ ನಿಯಮವಾಯಿತು. ಅಕ್ಕ ಮಾಡುತ್ತಿದ್ದ ಹೊತ್ತಿಗೇ ಭಾವ ಮಾಡುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಗಿಡದ ವಿಷಯವೊಂದೇ.

"ಎಷ್ಟು ಹೂವು?"

"ಏಳು, ಭಾವ."

"ಏಳು. ಬರ್ಕೊಂಡೆ. ಮಳೆ?"

"ಮಧ್ಯಾಹ್ನ ಮೇಲೆ ದಿನಾ ಇದೆ."

ಅವಳ ಹೆಸರು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟ ಮಾಡಿದಿರಾ ಎಂದು ಕೇಳಿದರೆ, "ಆಯ್ತು," ಎಂದಷ್ಟೇ. ಏನು ಅಡುಗೆ, ಯಾರು ಮಾಡಿದರು, ಕೇಳಲಿಲ್ಲ. ನನಗೆ ಆ ಹತ್ತು ನಿಮಿಷ ಹಿತವೂ ಅಲ್ಲ, ಕಷ್ಟವೂ ಅಲ್ಲ. ಆದರೆ ಒಂದು ಭಾನುವಾರ ಕರೆ ಅರ್ಧ ಗಂಟೆ ತಡವಾದಾಗ ನಾನು ಫೋನ್ ಹಿಡಿದು ಅಂಗಳದಲ್ಲೇ ನಿಂತಿದ್ದೆನಂತೆ, ಬಿಸಿಲಲ್ಲಿ. ಗಂಡ ಹೇಳಿದ್ದು.

ಏಳು ಹೂವಲ್ಲಿ ಮೂರು ಕಾಯಿ ಕಟ್ಟಿತು. ಒಂದು ಮಳೆಗೆ ಬಿತ್ತು. ಇನ್ನೊಂದನ್ನು ಅಳಿಲು ಕಚ್ಚಿತು. ಉಳಿದದ್ದಕ್ಕೆ ಹಳೆಯ ಪಂಚೆಯ ಚೂರಿನಲ್ಲಿ ಚೀಲ ಹೊಲಿದು ಕಟ್ಟಿದೆ. ಡಿಸೆಂಬರಿನಲ್ಲಿ ಅದು ನನ್ನ ಮುಷ್ಟಿಗಿಂತ ಸ್ವಲ್ಪ ಚಿಕ್ಕದಾಗಿ, ಒಂದು ಕೆನ್ನೆ ಮಾತ್ರ ಕೆಂಪಾಗಿ, ಕಲ್ಲಿನಂತಿತ್ತು. ಕಿತ್ತೆ.

"ಈಗ್ಲೇ ತಿನ್ಬಾರ್ದು," ಎಂದರು ಭಾವ. "ಇಲ್ಲಿದೆ ನೋಡು. ಪೇಪರಲ್ಲಿ ಸುತ್ತಿ ಒಂದು ತಿಂಗಳು ತಣ್ಣಗಿಡ್ಬೇಕು. ಚಳಿಗಾಲದ ಸೇಬು ಕಿತ್ತ ಮೇಲೇ ಸಿಹಿಯಾಗೋದು."

ಸುತ್ತಿ, ಫ್ರಿಜ್ಜಿನ ಕೆಳಗಿನ ತರಕಾರಿ ಡ್ರಾಯರಿನಲ್ಲಿ ಇಟ್ಟೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ, "ಇದೆಯಾ?" "ಇದೆ."

ಜನವರಿಯಲ್ಲಿ, ತಿಂಗಳಾಗಲು ಇನ್ನು ಎರಡೇ ದಿನ ಇದ್ದಾಗ, ಬೀನ್ಸ್ ತೆಗೆಯಲು ಹೋದೆ. ಡ್ರಾಯರಿನಲ್ಲಿ ಪೇಪರ್ ಮಾತ್ರ ಇತ್ತು.

ಮಗಳು ಮೇಜಿನ ಮುಂದೆ ಹೋಮ್‌ವರ್ಕ್ ಮಾಡುತ್ತಿದ್ದಳು.

"ಇಲ್ಲಿದ್ದ ಸೇಬು?"

"ಐ ಏಟ್ ಇಟ್. ನಿನ್ನೆ." ಆಮೇಲೆ ನನ್ನ ಮುಖ ನೋಡಿದಳು. "ಓ ನೋ. ಅಮ್ಮಾ, ಅದು ಆ ಆ್ಯಪಲ್ಲಾ? ಅಂಗಡೀದು ಅಂದ್ಕೊಂಡೆ. ಸಾರಿ ಅಮ್ಮಾ. ಸಾರಿ."

ಅವಳು ಅಳತೊಡಗಿದಳು. ನಾನು ಪೇಪರನ್ನು ನಾಲ್ಕಾಗಿ ಮಡಿಸುತ್ತ ನಿಂತಿದ್ದೆ. ಕೋಪ ಬರಬೇಕಿತ್ತು, ಬರಲಿಲ್ಲ. ಪರವಾಗಿಲ್ಲ ಬಿಡು ಎಂದೆ. ಹಾಗೆ ಎಂದದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಭಾವನಿಗೆ ಏನು ಹೇಳುವುದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಭಾನುವಾರದವರೆಗೆ ಕಾಯಲು ಆಗಲಿಲ್ಲ. ಆಗಲೇ ಕರೆ ಮಾಡಿದೆ.

"ಭಾವ, ಸೇಬು ಹೋಯ್ತು. ಮಗಳು ಗೊತ್ತಿಲ್ದೆ ತಿಂದ್ಬಿಟ್ಳು."

ಆ ಕಡೆ ಪುಟ ತಿರುವುವ ಸಪ್ಪಳ ಕೇಳಿತು. ಆಮೇಲೆ ಅವರು ಹೇಳಿದರು:

"ಮಗು ತಿಂದ್ರೆ ಏನ್ಮಾಡ್ಬೇಕು ಅಂತ ಇದರಲ್ಲಿ ಬರ್ದೇ ಇಲ್ವಲ್ಲಮ್ಮ."

ಹೇಳಿ, ನಗತೊಡಗಿದರು. ಭಾವ ಹಾಗೆ ನಕ್ಕಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ನಿಲ್ಲಿಸಿ ಮತ್ತೆ ನಕ್ಕರು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಹಿಡಿಯಿತು ತಿಳಿಯಲಿಲ್ಲ. ಅವರ ಉಸಿರು ಎಳೆದು ಎಳೆದು ಬರುತ್ತಿತ್ತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತೆ. ಕೊನೆಗೆ ಮೂಗು ಒರೆಸಿಕೊಂಡು, "ಕೊಡು ಅವಳಿಗೆ," ಎಂದರು.

"ದೊಡ್ಡಪ್ಪ, ಸಾರಿ."

"ಸಾರಿ ಯಾಕಮ್ಮ? ಹಣ್ಣಿರೋದೇ ತಿನ್ನೋಕೆ. ಹೇಗಿತ್ತು ಹೇಳು."

ಮಗಳು ಯೋಚಿಸಿದಳು. ಕನ್ನಡದಲ್ಲಿ ಹೇಳಬೇಕೆಂದು ಪದ ಹುಡುಕಿದಳು. "ಸಿಹಿ ಇತ್ತು. ಹುಳಿ ಸ್ವಲ್ಪ. ತುಂಬಾ ಗಟ್ಟಿ. ಐ ಲೈಕ್ಡ್ ಇಟ್."

"ಗಟ್ಟಿ," ಎಂದರು ಭಾವ. "ತಡಿ, ಬರ್ಕೋತೀನಿ."

ಏಪ್ರಿಲ್‌ನಲ್ಲಿ ಗಡಿ ತೆರೆಯಿತು. ಗಿಡಕ್ಕೆ ನೀರು ಹಾಕುವ ಕೆಲಸ ಆಂಟಿಗೆ ಒಪ್ಪಿಸಿ ನಾನೊಬ್ಬಳೇ ಮೈಸೂರಿಗೆ ಹೋದೆ. ಭಾವ ಬಾಗಿಲು ತೆಗೆದರು, ತುಂಬ ಇಳಿದುಹೋಗಿದ್ದರು. ಕಾಫಿ ಅವರೇ ಮಾಡಿದರು, ಸಕ್ಕರೆ ಹೆಚ್ಚು. ಮೊದಲ ಎರಡು ದಿನ ನಾನು ಬರೀ ನಿದ್ದೆ ಮಾಡಿದೆ.

ಮೂರನೆಯ ಬೆಳಿಗ್ಗೆ, ಕೇಳದೆಯೇ, ಆ ಒಂಬತ್ತು ದಿನಗಳನ್ನು ಅವರು ಮೊದಲಿಂದ ಹೇಳತೊಡಗಿದರು. ಯಾವ ದಿನ ಜ್ವರ, ಯಾವ ದಿನ ಉಬ್ಬಸ, ಆಂಬುಲೆನ್ಸ್ ಹತ್ತುವಾಗ ಅವಳು ಚಪ್ಪಲಿ ಮರೆತದ್ದು, ಅವರು ಗೇಟಿನವರೆಗೆ ತಂದು ಅಲ್ಲೇ ಇಟ್ಟದ್ದು, ಹತ್ತಿರ ಬರಬೇಡಿ ಎಂದು ಅವಳೇ ಕೈ ಮಾಡಿದ್ದು. ಕ್ರಮ ತಪ್ಪದೆ ಹೇಳಿದರು. ನಾನು ಕೇಳಿದೆ. ಒಂದೆರಡು ಕಡೆ, "ಆಮೇಲೆ?" ಎಂದೆ. ಕಣ್ಣೀರು ಬಂತು, ಬಂದದ್ದು ಗೊತ್ತಾದದ್ದು ಕುತ್ತಿಗೆ ಒದ್ದೆಯಾದಾಗ. ಅವರು ನೋಡಿಯೂ ನಿಲ್ಲಿಸಲಿಲ್ಲ, ಅದು ಒಳ್ಳೆಯದಾಯಿತು.

ಹೇಳಿ ಮುಗಿದಾಗ ಮಧ್ಯಾಹ್ನವಾಗಿತ್ತು. ನಾನು ಎದ್ದು ಅನ್ನಕ್ಕಿಟ್ಟೆ. ಭಾವ ತೆಂಗಿನಕಾಯಿ ಒಡೆದು ತುರಿದು ತಂದುಕೊಟ್ಟರು. ಹುರುಳಿಕಾಯಿ ಪಲ್ಯ, ತಿಳಿಸಾರು ಮಾಡಿದೆ. ಎರಡನೆಯ ಸಲ ಅನ್ನ ಬಡಿಸಿದಾಗ ಅವರು ಬೇಡವೆನ್ನಲಿಲ್ಲ, ನಾನೂ ಇನ್ನಷ್ಟು ಹಾಕಿಕೊಂಡೆ.