ಮುನಿರಾಜುವಿನ ಮೂಗು

ಯಾವ ಕಂಪ್ಯೂಟರನ್ನೇ ತಂದು ಮುಂದಿಡಿ, ಮುನಿರಾಜು ಮೊದಲು ಅದನ್ನು ಮೂಸಿ ನೋಡುತ್ತಿದ್ದ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ತನ್ನ ಉದ್ದನೆಯ ಮೂಗನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸುತ್ತಿದ್ದ. ಹಾಲು ಕೆಟ್ಟಿದೆಯೇನೋ ಎಂದು ಅನುಮಾನ ಬಂದಾಗ ಪಾತ್ರೆಯ ಮೇಲೆ ಬಗ್ಗುವುದಿಲ್ಲವೇ, ಹಾಗೆ. ಆಮೇಲೆ ಕಣ್ಣು ಬಿಟ್ಟು ಒಂದು ಕಡೆ ಬೆರಳಿಟ್ಟು, "ಇಲ್ಲೈತೆ ನೋಡಿ ಸಾ," ಎನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ದೋಷ ಅಲ್ಲೇ ಇರುತ್ತಿತ್ತು. ಆ ಹತ್ತನೆಯ ಸಲಕ್ಕಾಗಿ ನಾನು ಇಪ್ಪತ್ತು ವರ್ಷ ಕಾದೆ.

ನಾನು ಡಿಪ್ಲೊಮಾ ಓದಿದವನು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಮೀಟರು, ಕಂಟ್ರೋಲು ನೋಡಿಕೊಳ್ಳುವ ಸೂಪರ್‌ವೈಸರ್ ಆಗಿದ್ದೆ. ಅವನು ಏಳನೇ ಕ್ಲಾಸು ಮುಗಿಸಿ ಹೊಸಕೋಟೆಯಲ್ಲಿ ರೇಡಿಯೊ, ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡವನು. ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದಂತೆ ಎಂದು ಜನ ಅರ್ಧ ನಂಬಿ ಅರ್ಧ ನಂಬದೆ ಮಾತಾಡುತ್ತಿದ್ದ ಕಾಲ ಅದು. ನಮ್ಮ ಕಂಟ್ರೋಲ್ ರೂಮಿನ ಕಂಪ್ಯೂಟರ್ ಕೆಟ್ಟು ನಾಲ್ಕು ದಿನವಾಗಿತ್ತು. ನಾನು ಕಂಪನಿಯವರು ಕೊಟ್ಟ ದಪ್ಪ ಪುಸ್ತಕ ಹರಡಿಕೊಂಡು, ಮೀಟರ್ ಹಿಡಿದು, ಊಟವನ್ನೂ ಅಲ್ಲಿಗೇ ತರಿಸಿಕೊಂಡು ಕೂತಿದ್ದೆ. ಕ್ಯಾಂಟೀನಿನವನು ಮ್ಯಾನೇಜರರ ಕಿವಿಯಲ್ಲಿ ಏನೋ ಊದಿ ಮುನಿರಾಜುವನ್ನು ಕರೆಸಿದ. ಅವನು ಬಂದ, ಮೂಸಿದ, ಒಂದು ಕಂಡೆನ್ಸರ್ ಬದಲಾಯಿಸಿದ, ಕಂಪ್ಯೂಟರ್ ಶುರುವಾಯಿತು. ಮ್ಯಾನೇಜರ್ ಅವನಿಗೆ ಕಾಫಿ ತರಿಸಿದರು, ಅದೂ ಹೆಡ್ ಆಫೀಸಿನವರು ಬಂದಾಗ ಮಾತ್ರ ಹೊರಗೆ ತೆಗೆಯುವ ಚಿನ್ನದ ಅಂಚಿನ ಕಪ್ಪಿನಲ್ಲಿ. ಹನ್ನೊಂದು ವರ್ಷ ಅಲ್ಲಿ ದುಡಿದಿದ್ದ ನನಗೆ ಆ ಕಪ್ಪಿನಲ್ಲಿ ಒಂದು ದಿನವೂ ಕಾಫಿ ಬಂದಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಹೊರಡುವಾಗ ಅವನು ನನ್ನ ಮೇಜಿನ ಹತ್ತಿರ ಬಂದ. "ನಿಮ್ದೇನೂ ತಪ್ಪಿಲ್ಲ ಸಾ. ಮೊದ್ಲು ಮೂಗು, ಮೀಟ್ರು ಆಮೇಲೆ. ಕಂಡೆನ್ಸರ್ ಲೀಕಾದ್ರೆ ಕೆಟ್ಟ ಮೀನಿನ ವಾಸ್ನೆ ಬರ್ತೈತೆ. ಟ್ರಾನ್ಸ್‌ಫಾರ್ಮರ್ ಸುಟ್ಟೋದ್ರೆ ಬೆಲ್ಲದ ಪಾಕ ಸೀದಂಗೆ. ಒಂದ್ಸಲ ಕಲ್ತ್ರೆ ಮರೆಯಲ್ಲ. ಅಂಗ್ಡಿ ಕಡೆ ಬನ್ನಿ, ಹೇಳ್ಕೊಡ್ತೀನಿ," ಎಂದ. ಆ ಮಾತಿನಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ಅವನನ್ನು ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದೆ. ಬಿಗುಮಾನದಿಂದ ಒಂದು ವಾರ ತಡೆದುಕೊಂಡೆ. ಎರಡನೆಯ ಭಾನುವಾರ ಹೋದೆ. ಅವನು ಸುಟ್ಟ ಸಾಮಾನುಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಮೂಸಿಸಿ ಕಲಿಸಿದ. ಮೀನಿನ ವಾಸನೆ ಮಾತ್ರ ನನಗೆ ಪಕ್ಕಾ ಬಂತು. ಉಳಿದದ್ದೆಲ್ಲ ಅವನಿಗೇ.

ವಿಮಾನಗಳು ಹಾರತೊಡಗಿದ ಮೇಲೆ ನಮ್ಮ ಕಡೆಯವರಿಗೆಲ್ಲ ಹಳೆಯದನ್ನು ಬಿಸಾಕುವ ಆತುರ ಬಂತು. ಮನೆಗಳನ್ನು ಒಡೆದು ಕಟ್ಟಿದರು, ಆಫೀಸುಗಳು ಜಾಗ ಬದಲಾಯಿಸಿದವು, ಅಟ್ಟದ ಮೇಲಿದ್ದದ್ದೆಲ್ಲ ಗುಜರಿಗೆ ಹೋಯಿತು. ಆ ಗುಜರಿಯಲ್ಲಿ ಮೊದಮೊದಲ ಕಾಲದ ಕಂಪ್ಯೂಟರುಗಳೂ ಇದ್ದವು. ಅವನ್ನು ಕೂಡಿಡುವ ಹುಚ್ಚು ನಮ್ಮಿಬ್ಬರಿಗೂ ಒಟ್ಟಿಗೇ ಹಿಡಿಯಿತು. ನಾನು ಒಂದೊಂದಕ್ಕೂ ಚೀಟಿ ಅಂಟಿಸಿ, ಬಟ್ಟೆಯ ಗವಸು ಹೊಲಿಸಿ, ಸಾಲಾಗಿ ಜೋಡಿಸಿದೆ. ಆವತಿಯಲ್ಲಿದ್ದ ಅವನ ಮನೆಯಲ್ಲಿ ಅವು ಕಾಲಿಗೆ ಸಿಕ್ಕಿದ ಕಡೆಯೆಲ್ಲ ಬಿದ್ದಿರುತ್ತಿದ್ದವು. ಅವನ ಹೆಂಡತಿ ಲಕ್ಷ್ಮಮ್ಮ ಮಾನಿಟರುಗಳ ತಲೆಯ ಮೇಲೆ ಮೊರ ಇಟ್ಟು ಹುಣಸೆಹಣ್ಣು ಒಣಗಿಸುತ್ತಿದ್ದರು. "ಇಷ್ಟು ಟೀವಿ ಅವೆ, ಒಂದ್ರಲ್ಲಾದ್ರೂ ಧಾರಾವಾಹಿ ಬರ್ತೈತಾ ಕೇಳಿ ಸಾ," ಎಂದು ನನ್ನ ಹತ್ತಿರ ದೂರು ಹೇಳುವರು. ಅವನು ನಗುತ್ತಿದ್ದ. ಗುಜರಿ ಅಂಗಡಿಯವರು ಒಳ್ಳೆಯ ಸಾಮಾನು ಬಂದರೆ ಫೋನ್ ಮಾಡುತ್ತಿದ್ದದ್ದು ಅವನಿಗೆ. ನನ್ನ ನಂಬರನ್ನು ನಾನೇ ಎರಡೆರಡು ಸಲ ಬರೆದುಕೊಟ್ಟಿದ್ದರೂ ಅಷ್ಟೇ.

ಒಂದು ಪ್ರಸಂಗ ಹೇಳಿದರೆ ನನ್ನ ಸಂಕಟ ನಿಮಗೂ ಅರ್ಥವಾದೀತು. ಹಿಂದೆ ಕೆಲವು ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂದಿತ್ತು, ಕೀಬೋರ್ಡೂ ಕಂಪ್ಯೂಟರೂ ಒಂದೇ ಪೆಟ್ಟಿಗೆ, ಟೀವಿಗೆ ಜೋಡಿಸಿಕೊಳ್ಳುವಂಥದ್ದು. ಅಂಥದ್ದೊಂದು ಹತ್ತಿರದ ಹೈಸ್ಕೂಲಿನ ಸ್ಟೋರ್ ರೂಮಿನಲ್ಲಿದೆ ಎಂದು ಪತ್ತೆ ಹಚ್ಚಿದವನು ನಾನು. ಹೆಡ್‌ಮಾಸ್ಟರಿಗೆ ಟೈಪ್ ಮಾಡಿಸಿ ಮೂರು ಪತ್ರ ಬರೆದವನೂ ನಾನು. ಒಂದಕ್ಕೂ ಜವಾಬು ಬರಲಿಲ್ಲ. ಮುನಿರಾಜು ಆ ಸ್ಕೂಲಿಗೆ ವಾರ್ಷಿಕೋತ್ಸವದ ಮೈಕು ಸರಿಮಾಡಲು ಹೋದ. ಸಂಜೆ ಹೆಡ್‌ಮಾಸ್ಟರೇ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅವನ ಟಿವಿಎಸ್ ಗಾಡಿಯ ಮೇಲೆ ಕಟ್ಟಿ ಕಳಿಸಿದ್ದರು. ಅವನು ಅದನ್ನು ತನ್ನ ಮನೆಗೂ ಒಯ್ಯದೆ ನೇರ ನನ್ನ ಮನೆಗೆ ತಂದ. "ಮೊದ್ಲು ನಿಮ್ಗೇ ತೋರ್ಸೋಣ ಅಂತ ಬಂದ್ಬಿಟ್ಟೆ ಸಾ," ಎಂದ. ನನ್ನ ಹೆಂಡತಿ ಸುಶೀಲ ಅವನಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ, "ಯಾಕ್ರೀ ನಿಮ್ಮ ಮುಖ ಹಂಗೆ ಹುಳ್ಳಗಾಗಿದೆ? ಪಾಪ, ಎಷ್ಟು ಖುಷಿಯಿಂದ ಬಂದಿದ್ರು," ಎಂದಳು. ನಾನು ತಲೆನೋವು ಎಂದೆ.

ಕೊರೊನಾದ ಎರಡನೇ ವರ್ಷ ಅವನಿಗೆ ಜ್ವರ ಜೋರಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಬಂದಾಗ ಅರ್ಧ ಆಳಾಗಿದ್ದ. ಆವಾಗ ನಾನು ನಿಜವಾಗಿಯೂ ಹೆದರಿದ್ದೆ, ದೇವರಿಗೆ ಹರಕೆಯನ್ನೂ ಹೊತ್ತಿದ್ದೆ, ಇದನ್ನೂ ಹೇಳಿಬಿಡಬೇಕು. ಚೇತರಿಸಿಕೊಂಡ ಮೇಲೆ ಅವನಲ್ಲಿ ಹೊಸದೊಂದು ಅಭ್ಯಾಸ ಕಂಡೆ. ಯಾವ ಮೆಷಿನ್ ಬಿಚ್ಚಬೇಕಾದರೂ ನನಗೆ ಫೋನ್ ಮಾಡಿ ಕರೆಸಿಕೊಳ್ಳುವನು. "ಒಂಚೂರು ಪಕ್ಕದಲ್ಲಿ ನಿಂತ್ಕೊಳಿ ಸಾ," ಎನ್ನುವನು. ತಾನು ಮೊದಲಿನ ಹಾಗೆಯೇ ಕೈ ಕಟ್ಟಿ ಬಗ್ಗಿ ಮೂಸುವನು, ಆಮೇಲೆ ತಲೆಯೆತ್ತಿ, "ಏನಂತೀರ ಸಾ?" ಎನ್ನುವನು. ನಾನು ಇಂಥ ಕಡೆ ಇರಬಹುದು ಎಂದರೆ, "ಕರೆಕ್ಟು," ಎಂದು ಅಲ್ಲಿಗೇ ಕೈ ಹಾಕುವನು. ಈಗ ಪರೀಕ್ಷೆ ಮಾಡುವ ಮೇಷ್ಟ್ರೂ ಆದನಲ್ಲ, ನನ್ನನ್ನು ಶಿಷ್ಯನ ಹಾಗೆ ನಿಲ್ಲಿಸಿಕೊಂಡು ಬೀಗುತ್ತಿದ್ದಾನೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆದರೂ ಕರೆದಾಗಲೆಲ್ಲ ಹೋಗುತ್ತಿದ್ದೆ.

ಹಳೆ ಕಂಪ್ಯೂಟರ್ ಹಬ್ಬದ ಯೋಚನೆ ಬಂದದ್ದು ಅದರ ಮಾರನೇ ವರ್ಷ. ಇಂಥವನ್ನು ಕೂಡಿಡುವವರ ನಮ್ಮ ಕೂಟದಲ್ಲಿ ಐದು ಜನ: ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ವೀಣಾ ಮೇಡಂ, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಇಬ್ಬರು ಟೆಕ್ನಿಷಿಯನ್‌ಗಳು, ಮುನಿರಾಜು ಮತ್ತು ನಾನು. ದೇವನಹಳ್ಳಿಯ ಕಲ್ಯಾಣ ಮಂಟಪ ಗೊತ್ತುಮಾಡಿದೆವು. ಅನಂತಪುರ, ಕೊಯಮತ್ತೂರು, ಹೈದರಾಬಾದಿನಿಂದೆಲ್ಲ ಇದೇ ಹುಚ್ಚಿನವರು ತಮ್ಮ ತಮ್ಮ ಮೆಷಿನ್ ಹೊತ್ತು ತರುತ್ತೇವೆ ಎಂದರು. ದೀಪ ಬೆಳಗುವುದರ ಬದಲು ಅತಿಥಿಗಳ ಕೈಯಲ್ಲಿ ಒಂದು ಹಳೆಯ ಕಂಪ್ಯೂಟರ್ ಆನ್ ಮಾಡಿಸಿ ಉದ್ಘಾಟನೆ ಮಾಡೋಣ ಎಂದರು ವೀಣಾ ಮೇಡಂ.

ಆ ಮಾತು ಕೇಳಿದ ಕ್ಷಣದಿಂದ ನನಗೆ ಬೇರೇನೂ ಬೇಡವಾಯಿತು. ಆ ಸ್ವಿಚ್ಚು ನನ್ನ ಮೆಷಿನ್ನಿನದಾಗಬೇಕು, ಅಷ್ಟೇ. ಬ್ಯಾಂಕೊಂದು ಎಸೆದಿದ್ದ ಟ್ರಂಕಿನಷ್ಟು ದೊಡ್ಡ ಕಂಪ್ಯೂಟರನ್ನು ನಾನು ಮೂರು ವರ್ಷ ಕೂತು ಸರಿಮಾಡಿದ್ದೆ. ಹಳದಿಗಟ್ಟಿದ್ದ ಅದರ ಮೈಯನ್ನು ಔಷಧಿ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡಿದ್ದೆ. ಆದರೆ ಮೇಡಂ, "ಮುನಿರಾಜು ಅವರ ಸ್ಕೂಲ್ ಕಂಪ್ಯೂಟರ್ ಇಡೋಣ. ಆನ್ ಮಾಡಿದ ತಕ್ಷಣ ಟುಯ್ಯ್ ಅನ್ನುತ್ತಲ್ಲ, ಜನಕ್ಕೆ ಮಜಾ ಬರುತ್ತೆ," ಎಂದರು. ಮುನಿರಾಜು ತಕ್ಷಣ ಎದ್ದು ನಿಂತ. "ಬೇಡ ಮೇಡಂ, ಸಾರ್‌ದು ಇಡೋಣ. ಮೂರ್ ವರ್ಷ ಒದ್ದಾಡವ್ರೆ." ಕೊನೆಗೆ ಕೈ ಎತ್ತಿಸಿದರು. ನನ್ನ ಪರವಾಗಿ ಎದ್ದದ್ದು ಒಂದೇ ಕೈ, ಮುನಿರಾಜುವಿನದು. ಅವನು ಹಾಗೆ ಕೈ ಎತ್ತಿ ನನ್ನನ್ನೇ ನೋಡುತ್ತಿರುವಾಗ ನಾನು ಮಾಡುವುದೇನು, ಅವನ ಮೆಷಿನ್ನಿಗೆ ನಾನೂ ಕೈ ಎತ್ತಬೇಕಾಯಿತು. ನಾಲ್ಕಕ್ಕೆ ಒಂದು.

ಹಬ್ಬದ ಬೆಳಿಗ್ಗೆ ಒಂಬತ್ತಕ್ಕೆ ಮಂಟಪದ ವಧುವಿನ ಕೋಣೆಯಲ್ಲಿ ಅವನ ಕಂಪ್ಯೂಟರಿಗೆ ಕೊನೆಯ ಟ್ರಯಲ್. ಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವನು ಎಂದಿನಂತೆ ನನ್ನನ್ನು ಪಕ್ಕಕ್ಕೆ ಕರೆದ. ಮುಚ್ಚಳ ತೆಗೆದು ಆನ್ ಮಾಡಿದ. ಟುಯ್ಯ್ ಎಂದಿತು, ಪರದೆಯ ಮೇಲೆ ಅಕ್ಷರ ಬಂತು. ಹತ್ತು ನಿಮಿಷ ಹಾಗೇ ಬಿಟ್ಟೆವು. ಆಗ ಬಂತು ನೋಡಿ ಆ ವಾಸನೆ. ಸಣ್ಣಗೆ, ಆದರೆ ಅನುಮಾನವೇ ಇಲ್ಲದ ಹಾಗೆ, ಕೆಟ್ಟ ಮೀನಿನದು. ಅವನೇ ಕಲಿಸಿದ್ದ ವಾಸನೆ, ಪವರ್ ಸಪ್ಲೈ ಇರುವ ಎಡಮೂಲೆಯಿಂದ.

ಮುನಿರಾಜು ಬಗ್ಗಿದ. ಎಡದಿಂದ ಬಲಕ್ಕೆ ಮೂಗು ಆಡಿಸಿದ. ಎದ್ದು ನನ್ನ ಮುಖ ನೋಡಿದ. "ಏನಂತೀರ ಸಾ? ಎಲ್ಲಾ ಸರಿಯಾಗೈತಲ್ಲ?"

ಇವನಿಗೆ ಗೊತ್ತಾಗಲಿಲ್ಲವೇ ಎಂದು ಆಶ್ಚರ್ಯವಾಯಿತು. ಅದರ ಹಿಂದೆಯೇ, ಇಪ್ಪತ್ತು ವರ್ಷ ಕಾದ ಹತ್ತನೆಯ ಸಲ ಇದೇ ಎಂದು ಮನಸ್ಸು ಕುಣಿಯಿತು. ಹೇಳಬಹುದಿತ್ತು. ಒಂದು ಕಂಡೆನ್ಸರ್ ಬದಲಾಯಿಸಲು ಬೇಕಾದಷ್ಟು ಸಮಯವಿತ್ತು, ಅವನ ಚೀಲದಲ್ಲಿ ಡಜನ್‌ಗಟ್ಟಲೆ ಇದ್ದವು. ನಾನು, "ನಿನ್ನ ಮೂಗಿಗಿಂತ ನನ್ನದೇನು ದೊಡ್ಡದಪ್ಪಾ," ಎಂದೆ. ಅವನು ನಕ್ಕು ಮುಚ್ಚಳ ಹಾಕಿದ.

ಹನ್ನೊಂದಕ್ಕೆ ವೇದಿಕೆಯ ಮೇಲೆ ಅತಿಥಿಗಳು ಸ್ವಿಚ್ ಒತ್ತಿದರು. ಟುಯ್ಯ್ ಎಂದಿತು, ಜನ ಚಪ್ಪಾಳೆ ತಟ್ಟಿದರು. ಮೇಲೆ ವಿಮಾನವೊಂದು ಹೋಗುತ್ತಿದ್ದರಿಂದ ಮಾತು ಕೇಳದೆ ಎಲ್ಲರೂ ಸುಮ್ಮನೆ ನಿಂತಿದ್ದರು. ಆ ಹೊತ್ತಿನಲ್ಲೇ ಒಳಗಿನಿಂದ ಪಟ್ ಎಂದು ಸಿಡಿದು ದಟ್ಟ ಹೊಗೆ ಬಂತು. ಅತಿಥಿಗಳು ಹಿಂದಕ್ಕೆ ಜಿಗಿದರು. ಯಾರೋ ವೈರು ಕಿತ್ತರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಮಂಟಪಕ್ಕೆ ಮಂಟಪವೇ ನಕ್ಕಿತು. ಮುನಿರಾಜು ಹೊಗೆಯ ನಡುವೆ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದ. ಆಮೇಲೆ ತಾನೇ ಕೆಳಗಿಳಿದು ಬಂದು ನನ್ನ ಕಂಪ್ಯೂಟರಿನ ಒಂದು ಕಡೆ ಹಿಡಿದ. "ಹಿಡೀರಿ ಸಾ, ನಿಮ್ದನ್ನ ಇಡೋಣ. ಹಬ್ಬ ನಿಲ್ಬಾರ್ದು," ಎಂದ. ನನ್ನ ಮೆಷಿನ್ ಚಾಲೂ ಆಯಿತು, ಫೋಟೊ ತೆಗೆದರು, ಶಾಲು ಹೊದಿಸಿದರು. ಆ ಚಪ್ಪಾಳೆ ನನಗೆ ರುಚಿಸಿತು. ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದಾದ ಮೇಲೆ ಮುನಿರಾಜು ಫೋನ್ ಮಾಡುವುದನ್ನು ನಿಲ್ಲಿಸಿದ. ಅಂಗಡಿಯನ್ನೂ ಮುಚ್ಚಿದ. ಅವಮಾನವಾಗಿದೆ, ಸರಿಹೋಗುತ್ತಾನೆ ಎಂದುಕೊಂಡೆ. ಮಾರನೇ ವರ್ಷದ ಹಬ್ಬಕ್ಕೆ ಅವನನ್ನು ಹೇಗಾದರೂ ಮಾಡಿ ಕರೆತನ್ನಿ ಎಂದು ವೀಣಾ ಮೇಡಂ ನನ್ನನ್ನೇ ಅಟ್ಟಿದರು. ನಾನು ಆವತಿಗೆ ಹೋದೆ. ಅದೇ ಕೊನೆಯ ಭೇಟಿ. ಎರಡು ತಿಂಗಳ ನಂತರ, ಮಲಗಿದವನು ಏಳಲೇ ಇಲ್ಲ ಎಂದು ಫೋನ್ ಬಂತು.

ನಾನು ಹೋದಾಗ ಅವನು ಜಗಲಿಯ ಮೇಲೆ ಕೂತು ಚಕ್ಕೋತ ಸುಲಿಯುತ್ತಿದ್ದ. ಲಕ್ಷ್ಮಮ್ಮ ನನ್ನನ್ನು ನೋಡಿ, "ಬನ್ನಿ," ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಹಬ್ಬದ ಮಾತೆತ್ತಿದೆ.

"ಬರಲ್ಲ ಸಾ," ಎಂದ. "ನಿಮ್ಗೊಂದು ಹೇಳ್ಬೇಕಿತ್ತು. ಕೊರೊನಾ ಬಂದಾಗಿಂದ ನಂಗೆ ವಾಸ್ನೆ ಗೊತ್ತಾಗಲ್ಲ. ಈ ಚಕ್ಕೋತ ಸುಲಿತಾ ಇದೀನಲ್ಲ, ಮಣ್ಣೂ ಒಂದೇ ಇದೂ ಒಂದೇ. ಡಾಕ್ಟ್ರು ಇವತ್ ಬರ್ತೈತೆ ನಾಳೆ ಬರ್ತೈತೆ ಅಂದ್ರು, ಬರ್ಲೇ ಇಲ್ಲ. ಊರವ್ರಿಗೆಲ್ಲ ಮೂಗಿನ ಮುನಿರಾಜು ನಾನು, ಹೆಂಗೆ ಹೇಳ್ಲಿ? ಇವ್ಳಿಗೊಬ್ಳಿಗೇ ಗೊತ್ತು. ಅದ್ಕೇ ನಿಮ್ಮನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ತಿದ್ದೆ. ನೀವಿದೀರಲ್ಲ, ಏನಾರ ಇದ್ರೆ ಹೇಳ್ತೀರ ಅನ್ನೋ ಧೈರ್ಯ."

ಅವನು ಒಂದು ತೊಳೆಯನ್ನು ನನ್ನ ಕೈಗಿಟ್ಟ.

"ಆವತ್ತು ನಿಮ್ಗೂ ಗೊತ್ತಾಗ್ಲಿಲ್ವಲ್ಲ ಸಾ. ನೆಗಡಿ ಏನಾರ ಇತ್ತಾ ನಿಮ್ಗೆ?"

ನನ್ನನ್ನೇ ನೋಡುತ್ತಿದ್ದ. ಹೇಳಿಬಿಡು ಎಂದು ಮನಸ್ಸು ಚುಚ್ಚುತ್ತಿತ್ತು. "ಇತ್ತು ಕಣಪ್ಪ," ಎಂದೆ. "ಎರಡು ದಿನದಿಂದ ಮೂಗು ಕಟ್ಟಿತ್ತು."

ಅವನ ಮುಖ ಅರಳಿತು. ಬಾಗಿಲ ಕಡೆ ತಿರುಗಿ, "ಕೇಳಿಸ್ತೇನೇ? ಸಾರ್‌ಗೆ ನೆಗಡಿ ಇತ್ತಂತೆ. ನಾನು ಅವತ್ತಿಂದ ಹೇಳ್ತಾನೇ ಇದೀನಲ್ಲ," ಎಂದು ಕೂಗಿ ಹೇಳಿದ.

ಆವತ್ತು ವಧುವಿನ ಕೋಣೆಯ ಬಾಗಿಲಲ್ಲೇ ಕೂತಿದ್ದ ಲಕ್ಷ್ಮಮ್ಮ ಹೊರಗೆ ಬಂದು, ನನ್ನ ಮುಖವನ್ನೊಮ್ಮೆ ನೋಡಿ, ಚಕ್ಕೋತದ ಸಿಪ್ಪೆಯನ್ನು ಮೊರಕ್ಕೆ ಬಳಿದುಕೊಂಡು ಒಳಗೆ ಹೋದರು.